ಗಾಯ ಒಂದು ಕಡೆ, ಗುಂಡು ಇನ್ನೊಂದು ಕಡೆ

3 ಸೆಪ್ಟೆಂಬರ್ 2024, ಮಂಗಳವಾರ
ಗದಗ

ನಸುಕಿನಲ್ಲಿ ಮುಂಡರಗಿ ಕಡೆಯಿಂದ ನಮ್ಮ ಆಸ್ಪತ್ರೆಗೆ ಬಂದವನ ತೊಡೆಯಲ್ಲಿ ಐದು ತೂತು. ಎಕ್ಸ್-ರೇಯಲ್ಲಿ ಕಂಡ ಗುಂಡು ನಾಲ್ಕು. ರಾತ್ರಿ ಹತ್ತು ದಾಟಿದೆ, ಐದನೆಯದು ಎಲ್ಲಿ ಎಂಬ ಯೋಚನೆ ಬಿಟ್ಟಿಲ್ಲ.

ಇವನದು ಕಪ್ಪತಗುಡ್ಡದ ಸೆರಗಿನ ಹೊಲ. ಗೋವಿನಜೋಳ ತೆನೆ ಕಟ್ಟಿದೆ, ಕತ್ತಲಾದರೆ ಕಾಡುಹಂದಿ ಇಳಿಯುತ್ತವೆ. ಒಂದು ಹಿಂಡು ನುಗ್ಗಿ ಹೋದರೆ ಇಡೀ ಹಂಗಾಮಿನ ದುಡಿತ ನೆಲ ಕಂಡಂತೆಯೇ. ಇವನು ಒಂದು ಬದುವಿನ ಮೇಲೆ, ಇವನ ಹೆಂಡತಿಯ ಅಣ್ಣ ಇನ್ನೊಂದು ಬದುವಿನ ಮೇಲೆ ಕಾಯುತ್ತಿದ್ದರು. ಬೆಳೆ ಅಲುಗಿತು, ಅವನು ನಾಡಬಂದೂಕು ಹಾರಿಸಿದ. ಚೀರಿದ್ದು ಹಂದಿಯಲ್ಲ ಎಂದು ಗೊತ್ತಾದಾಗ ಓಡಿಬಂದು, ಹೆಗಲ ಮೇಲೆ ಹೊತ್ತು ರಸ್ತೆಗೆ ತಂದವನೂ ಅವನೇ. ಬಾಗಿಲ ಬಳಿ ನಿಂತು ಕೈಮುಗಿದು ಅತ್ತ. “ಅಕ್ಕಾರ, ಪೊಲೀಸರಿಗೆ ಹೇಳಬ್ಯಾಡ್ರಿ. ತಂಗಿ ಮನಿ ಒಡೀತೈತ್ರಿ.” ಬಂದೂಕಿನ ಗಾಯವನ್ನು ಮುಚ್ಚಿಡುವ ಅಧಿಕಾರ ನನಗಿಲ್ಲ, ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಆಗಲೇಬೇಕು. “ಬರೀಬೇಕಾಕ್ಕೈತಿ ತಮ್ಮಾ. ನೀನೇ ಹೊತ್ಕೊಂಡು ಬಂದದ್ದನ್ನೂ ಬರೀತೀನಿ” ಎಂದೆ. ಎರಡನ್ನೂ ಬರೆದೆ.

ಗಾಯ ಎಡತೊಡೆಯ ಮುಂಭಾಗದಲ್ಲಿ, ತೊಡೆಸಂದಿಗಿಂತ ಒಂದು ಗೇಣು ಕೆಳಗೆ. ಹಿಂಬದಿಯಲ್ಲಿ ಒಂದೂ ತೂತಿಲ್ಲ, ಅಂದರೆ ಒಂದು ಗುಂಡೂ ದಾಟಿ ಹೋಗಿಲ್ಲ. ಕಾಲಿನ ದೊಡ್ಡ ಅಪಧಮನಿ, ಅಭಿಧಮನಿ ಎರಡೂ ಹಾದು ಹೋಗುವುದು ಅಲ್ಲೇ. ಎರಡೂ ಪಾದಗಳ ಮೇಲೆ, ಕಾಲಗಂಟಿನ ಹಿಂದೆ, ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ನಾಡಿ ಹಿಡಿದು ನೋಡಿದೆ. ಎಡಬಲ ಸಮನಾಗಿತ್ತು. ಪಾದ ಬೆಚ್ಚಗಿತ್ತು, ಬೆರಳು ಆಡಿಸುತ್ತಿದ್ದ. ತೊಡೆ ಬಿಗಿದಿರಲಿಲ್ಲ, ಮಿಡಿಯುವ ಊತವೂ ಇರಲಿಲ್ಲ.

ಹೌಸ್ ಸರ್ಜನ್ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. “ಮೇಡಂ, ಸಣ್ಣ ಗುಂಡು ಒಳಗ ಉಳಿದರ ಏನಾಕ್ಕೈತಿ? ಎಷ್ಟೋ ಮಂದಿ ಇಟ್ಕೊಂಡ ಬದುಕ್ಯಾರಲ್ರಿ?” ಬದುಕಿದ್ದಾರೆ, ನಿಜ. ಮಾಂಸದೊಳಗೆ ಕೂತ ಗುಂಡನ್ನು ಹುಡುಕಿಕೊಂಡು ಕೊಯ್ಯುವುದರಿಂದ ಆಗುವ ಕೇಡೇ ಹೆಚ್ಚು. ಆದರೆ ಅದು ಮಾಂಸದಲ್ಲಿ ಕೂತಿದೆ ಎಂದು ಕಣ್ಣಾರೆ ಕಂಡ ಮೇಲಿನ ಮಾತು. ಎಲ್ಲಿದೆ ಎಂದೇ ತಿಳಿಯದ ಗುಂಡನ್ನು “ಇರಲಿ ಬಿಡು” ಅನ್ನುವಂತಿಲ್ಲ. ಅದು ರಕ್ತನಾಳದೊಳಕ್ಕೆ ಬಿದ್ದಿದ್ದರೆ ತೊಡೆಯಲ್ಲೇ ಇರಬೇಕಾದ ಕಾರಣವಿಲ್ಲ.

ಹುಡುಗನಿಗೆ ಲೆಕ್ಕ ಬರೆದು ತೋರಿಸಿದೆ. ಮೈಗೆ ಹೊಕ್ಕ ಪ್ರತಿ ಗುಂಡೂ ಎರಡು ಗುರುತು ಬಿಡುತ್ತದೆ. ದಾಟಿ ಹೋದರೆ ಎರಡು ತೂತು. ಒಳಗೇ ಉಳಿದರೆ ಒಂದು ತೂತು, ಒಂದು ಗುಂಡು. ಹಾಗಾಗಿ ಮೈಮೇಲಿನ ತೂತುಗಳನ್ನೂ ಎಕ್ಸ್-ರೇಯಲ್ಲಿ ಕಂಡ ಗುಂಡುಗಳನ್ನೂ ಕೂಡಿಸಿದರೆ ಸಮಸಂಖ್ಯೆ ಬರಬೇಕು. ಇಲ್ಲಿ ಐದಕ್ಕೆ ನಾಲ್ಕು ಕೂಡಿ ಒಂಬತ್ತಾಗಿದೆ. ಬೆಸಸಂಖ್ಯೆ ಬಂದರೆ ನಮ್ಮ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಗುಂಡು ಒಡೆದು ಚೂರಾದರೆ ಈ ಲೆಕ್ಕ ಕೆಡುತ್ತದೆ. ಆದರೆ ಈ ರೋಗಿಯ ನಾಲ್ಕೂ ಗುಂಡು ಒಡೆಯದೆ ಉರುಟಾಗಿವೆ.

4 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಎದೆ, ಹೊಟ್ಟೆ, ಸೊಂಟ, ಎರಡೂ ಕಾಲು, ಹೆಬ್ಬೆರಳ ತುದಿಯವರೆಗೂ ಫಿಲ್ಮ್ ತೆಗೆಸಿದೆ. ಎಕ್ಸ್-ರೇ ಕೋಣೆಯ ಹಿರಿಯರು ಏನೂ ಗೊಣಗದೆ ತೆಗೆದುಕೊಟ್ಟರು. ಅಭಿಧಮನಿಗೆ ಬಿದ್ದದ್ದು ಮೇಲಕ್ಕೆ ಹೋಗಿ ಹೃದಯದ ಬಲಭಾಗದಲ್ಲೋ ಶ್ವಾಸಕೋಶದ ನಾಳದಲ್ಲೋ ನಿಲ್ಲುತ್ತದೆ. ಅಪಧಮನಿಗೆ ಬಿದ್ದದ್ದು ಕೆಳಕ್ಕೆ, ಪಾದದ ಕಡೆಗೆ ಹೋಗುತ್ತದೆ. ಎದೆಯ ಫಿಲ್ಮನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದೆ. ಬಡಿಯುವ ಹೃದಯದೊಳಗಿನ ಗುಂಡಿಗೆ ಚೂಪಾದ ಅಂಚು ಇರುವುದಿಲ್ಲ, ಅಲುಗಾಟದಿಂದ ಅಂಚು ಮಸುಕಾಗಿ ಮೂಡುತ್ತದೆ. ಅಂಥ ಮಸುಕು ಚುಕ್ಕೆ ಎಲ್ಲೂ ಕಾಣಲಿಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದೆವು, ಹೃದಯದ ನಾಲ್ಕೂ ಕೋಣೆ ಖಾಲಿ. ಪಾದದಲ್ಲೂ ಇಲ್ಲ.

ಆಗ ನೆನಪಾದದ್ದು ಅವನ ಬಟ್ಟೆ. ಕಾವಲಿಗೆ ಹೋದವನು ಲುಂಗಿಯ ಮೇಲೆ ಕರಿಕಂಬಳಿ ಸುತ್ತಿಕೊಂಡಿದ್ದ. ಹವಾಲ್ದಾರರು ಪಂಚನಾಮೆಗೆಂದು ಗಂಟು ಕಟ್ಟಿ ಇಟ್ಟಿದ್ದರು. “ಬಿಚ್ಚಬ್ಯಾಡ್ರಿ, ಹಂಗ ಮೇಜಿನ ಮ್ಯಾಲ ಇಡ್ರಿ” ಎಂದು ಗಂಟಿನದೇ ಎಕ್ಸ್-ರೇ ತೆಗೆಸಿದೆ. ಕಂಬಳಿಯ ಮಡಿಕೆಯೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಚುಕ್ಕೆ ಹೊಳೆಯಿತು! ದಪ್ಪ ಉಣ್ಣೆಗೆ ಬಡಿದ ಗುಂಡು ಉಣ್ಣೆಯನ್ನೂ ಸೇರಿಸಿಕೊಂಡು ಅರ್ಧ ಬೆರಳಷ್ಟು ಒಳಹೊಕ್ಕು, ಕಂಬಳಿ ಎಳೆದು ತೆಗೆದಾಗ ಅದರ ಜೊತೆಗೇ ಹೊರಬಂದಿದೆ. ಹೌಸ್ ಸರ್ಜನ್ ಹುಡುಗನ ಮುಖದಲ್ಲಿ ಕಂಡ ಹಿಗ್ಗು ನನಗೂ ಆಗಿತ್ತು.

ಮಧ್ಯಾಹ್ನ ಗಾಯ ತೊಳೆದೆವು. ಒಂದು ತೂತಿನಿಂದ ಉಣ್ಣೆಯ ಎಳೆ ಬಂತು. ಸೀಸಕ್ಕಿಂತ ಈ ಉಣ್ಣೆಯೇ ಕೀವಿಗೆ ಕಾರಣವಾಗುವುದು. ಚರ್ಮದಡಿ ಇದ್ದ ಎರಡು ಗುಂಡು ತೆಗೆದೆ, ಆಳದ ಎರಡನ್ನು ಬಿಟ್ಟೆ. ತೆಗೆದವನ್ನು ಹಲ್ಲಿನ ಇಕ್ಕಳದಿಂದ ಹಿಡಿಯಬಾರದು, ಹಿಡಿದರೆ ಗುಂಡಿನ ಮೇಲೆ ನಮ್ಮದೇ ಗೀರು ಬಿದ್ದು ಪೊಲೀಸರ ಪರೀಕ್ಷೆಗೆ ತೊಡಕು. ರಬ್ಬರ್ ತೊಡಿಸಿದ ಇಕ್ಕಳದಿಂದ ಎತ್ತಿ, ಡಬ್ಬಿಗೆ ಹಾಕಿ, ಮೊಹರು ಮಾಡಿ, ಸಹಿ ಪಡೆದು ಕೊಟ್ಟೆ.

ಇಷ್ಟೆಲ್ಲ ಹುಡುಕಿದ್ದು ದಂಡವಾಯಿತೇ ಎಂದು ಒಬ್ಬರು ಕೇಳಿದರು. ಇಲ್ಲ. ಕಂಬಳಿಯಲ್ಲಿ ಸಿಗುವತನಕ ಅದು ರಕ್ತನಾಳದಲ್ಲಿಲ್ಲ ಎಂದು ಹೇಳುವ ಹಕ್ಕು ನಮಗಿರಲಿಲ್ಲ.

7 ಸೆಪ್ಟೆಂಬರ್, ಶನಿವಾರ, ಗಣೇಶ ಚವತಿ

ಬೆಟಗೇರಿಯ ಓಣಿ ಓಣಿಯಲ್ಲೂ ಗಣಪ್ಪನನ್ನು ತರುವ ಗದ್ದಲ. ಪೂಜೆ, ಊಟ ಮುಗಿಸಿ ಓದಲು ಕೂತೆ. ತಾಲ್ಲೂಕು ಆಸ್ಪತ್ರೆಗಳ ಹೊಸ ವೈದ್ಯರಿಗೆ ಒಂದು ತರಗತಿ ಮಾಡಬೇಕೆಂದು ಮನಸ್ಸಾಗಿದೆ.

ರಕ್ತದಲ್ಲಿ ತೇಲಿಹೋದ ವಸ್ತುವಿನ ಮೊದಲ ವರದಿ ಬರೆದವರು ಇಂಗ್ಲೆಂಡಿನ ಥಾಮಸ್ ಡೇವಿಸ್, 1834ರಲ್ಲಿ. ಹತ್ತು ವರ್ಷದ ಹುಡುಗನೊಬ್ಬ ಬ್ರೆಡ್ಡು ಸುಡುವ ಸಲಾಕೆಯ ಹಿಡಿಯಿಂದ ತಾನೇ ಒಂದು ಬಂದೂಕು ಮಾಡಿಕೊಂಡಿದ್ದ. ಮದ್ದು ಹಾರಿದಾಗ ಹಿಂಬದಿಗೆ ಬಡಿದಿದ್ದ ಮರದ ಬೆಣೆ ಸಿಡಿದು ಅವನ ಎದೆಗೇ ಹೊಕ್ಕಿತು. ಹುಡುಗ ನಡೆದುಕೊಂಡೇ ಮನೆಗೆ ಹೋದ. ಸುಮಾರು ಐದು ವಾರ ಬದುಕಿದ. ಸತ್ತ ಮೇಲೆ ತೆರೆದು ನೋಡಿದರೆ ಮರದ ತುಂಡು ಹೃದಯದ ಬಲ ಕೆಳಕೋಣೆಯೊಳಗೆ. ಹೃದಯದ ಗೋಡೆಯಲ್ಲಿ ಗಾಯದ ಗುರುತೇ ಇಲ್ಲ! ದೊಡ್ಡ ಅಭಿಧಮನಿಯೊಂದಕ್ಕೆ ಹೊಕ್ಕು ರಕ್ತದ ಜೊತೆ ಹೃದಯಕ್ಕೆ ಬಂದಿರಬೇಕೆಂದು ಡೇವಿಸ್ ಊಹಿಸಿದರು. ಎಕ್ಸ್-ರೇ ಹುಟ್ಟುವುದಕ್ಕೆ ಇನ್ನೂ ಅರವತ್ತೊಂದು ವರ್ಷ ಇತ್ತು. ಗೋಡೆಯಲ್ಲಿ ಗುರುತಿಲ್ಲ ಎಂಬುದನ್ನು ಗಮನಿಸಿ, ಅದರ ಅರ್ಥವೇನೆಂದು ಕೇಳಿಕೊಂಡ ಆ ವೈದ್ಯರ ಬಗ್ಗೆ ನನಗೆ ಬಹಳ ಗೌರವ.

ಗುಂಡು ರಕ್ತದಲ್ಲಿ ಹೀಗೆ ತೇಲಿಹೋಗುವುದು ಅಪರೂಪದ ಸಂಗತಿ. ವಿಯೆಟ್ನಾಂ ಯುದ್ಧದ ರಕ್ತನಾಳ ಗಾಯಗಳನ್ನೆಲ್ಲ ದಾಖಲಿಸಿದ ನಾರ್ಮನ್ ರಿಚ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 7,500 ಗಾಯಾಳುಗಳಿಗೆ ಇಂಥವರು 22 ಮಂದಿ. ನೂರಕ್ಕೆ ಅರ್ಧವೂ ಇಲ್ಲ. ಯಾಕೆ ಅಪರೂಪ ಎಂಬುದೂ ತಿಳಿದುಕೊಳ್ಳುವಂಥದ್ದೇ. ಗುಂಡು ನಾಳದ ಒಂದು ಗೋಡೆ ಸೀಳುವಷ್ಟು ಬಲ ಉಳಿಸಿಕೊಂಡಿರಬೇಕು, ಎದುರಿನ ಗೋಡೆಯನ್ನೂ ಸೀಳುವಷ್ಟು ಬಲ ಇರಬಾರದು. ಸೈನ್ಯದ ರೈಫಲ್ಲಿನ ಗುಂಡು ಎರಡನ್ನೂ ಹರಿದು ಆಚೆ ಹೋಗುತ್ತದೆ. ಪಿಸ್ತೂಲಿನ ಗುಂಡು, ನಾಡಬಂದೂಕಿನ ಸಣ್ಣ ಗುಂಡುಗಳು ಮೈಯೊಳಗೆ ಸುಸ್ತಾಗುತ್ತವೆ. ನಾವು ಈ ಕಡೆ ಕಾಣುವುದು ಈ ಎರಡನೆಯ ಬಗೆಯವನ್ನೇ. ಅಪರೂಪ ಎಂದು ಕೈಬಿಡಲಾಗದ್ದು ಅದಕ್ಕೇ.

ಒಳಗೆ ಬಿದ್ದ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದು ಅಳತೆಯ ಮಾತು. ಮಹಾಪಧಮನಿಯ ಒಳಗಲ ಎರಡು ಸೆಂಟಿಮೀಟರಿಗೂ ಹೆಚ್ಚು, ಒಂದು ಬಗೆಯ ಪಿಸ್ತೂಲಿನ ಗುಂಡು 7.65 ಮಿಲಿಮೀಟರ್. ಅಲ್ಲಿ ತಡೆಯೇ ಇಲ್ಲ. ತುಂಗಭದ್ರೆಯ ನೀರಿನ ಕಾಲುವೆಯಲ್ಲಿ ತೇಲಿಬಂದ ಜೋಳದ ದಂಟು ದೊಡ್ಡ ಕಾಲುವೆಯಲ್ಲಿ ಸರಾಗವಾಗಿ ಹೋಗಿ ಹೊಲದ ಮಡಿಗೆ ತಿರುಗುವ ಬಾಯಲ್ಲಿ ಸಿಕ್ಕಿಬೀಳುವಂತೆ, ಗುಂಡೂ ನಾಳ ಕವಲೊಡೆದು ಕಿರಿದಾಗುವ ಕಡೆ, ತೊಡೆಸಂದಿಯಲ್ಲೋ ಮೊಣಕಾಲ ಹಿಂದೆಯೋ ಸಿಕ್ಕಿಕೊಳ್ಳುತ್ತದೆ. ಎದೆಗೆ ಗುಂಡು ಬಿದ್ದವನು ಕಾಲು ನೋವು ಎನ್ನುತ್ತಾನೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಬೇಕು. ಮಹಾಪಧಮನಿಯಿಂದ ಎಡಗಾಲಿನ ಕವಲು ಬಲಗಾಲಿನದಕ್ಕಿಂತ ನೇರವಾಗಿರುವುದರಿಂದ ಎಡಗಾಲಿಗೆ ಹೋಗುವುದೇ ಹೆಚ್ಚು.

ಇದೆಲ್ಲ ರಕ್ತ ಹರಿಯುವ ದಿಕ್ಕಿನ ಮಾತಾಯಿತು. ಸೀಸ ಭಾರ. ಅಭಿಧಮನಿಯೊಳಗೆ ಹರಿವು ಮೆಲ್ಲಗೆ. ಮನುಷ್ಯ ಎದ್ದು ಕೂತರೆ ಕೆಲವೊಮ್ಮೆ ಗುಂಡು ಹರಿವಿಗೆ ಎದುರಾಗಿ ಕೆಳಗಿಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ತಾಯ ಗರ್ಭದಲ್ಲಿದ್ದಾಗ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇರುವ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಅಭಿಧಮನಿಯ ಸಣ್ಣ ಗುಂಡು ಬಲದಿಂದ ಎಡಕ್ಕೆ ದಾಟಿ ಮಿದುಳಿಗೇ ಹೋಗಬಹುದು. ಎಕೋ ಮಾಡುವವರಿಗೆ ಗುಂಡನ್ನು ಹುಡುಕಿ ಎಂದಷ್ಟೇ ಹೇಳಿದರೆ ಸಾಲದು, ಕಿಂಡಿಯನ್ನೂ ನೋಡಿ ಎಂದು ಹೇಳಬೇಕು.

10 ಸೆಪ್ಟೆಂಬರ್, ಮಂಗಳವಾರ
ಮುಂಡರಗಿ

ತೊಡೆಯ ಗಾಯದವನನ್ನು ಇಲ್ಲೇ ನೋಡಿದೆ. ಹೊಲಿಗೆ ಒಣಗುತ್ತಿವೆ. ಭಾವ ಜೊತೆಗೇ ಬಂದಿದ್ದ, ಬುತ್ತಿ ಹಿಡಿದುಕೊಂಡು. ಕೇಸು ನಡೆಯುತ್ತದೆ, ಮನೆ ಒಡೆದಿಲ್ಲ.

ಡಂಬಳದ ಮೇಲೆ ಹಾದು ಬರುವಾಗ ಮುಂಡರಗಿ ಭೀಮರಾಯರ ನೆನಪು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಡಂಬಳದ ಖಜಾನೆಗೆ ಕೈಹಾಕಿ, ಹಮ್ಮಿಗಿಯ ಕೆಂಚನಗೌಡರ ಜೊತೆ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದವರು. ಆ ಕೋಟೆಯಿಂದ ಗುಂಡು ಹೊತ್ತು ಮನೆಗೆ ಮರಳಿದ ಬಂಟರೂ ಇದ್ದಿರಲೇಬೇಕು. ಅವರ ಗಾಯಕ್ಕೆ ಅರಿಸಿನ, ಬೇವು ಕಟ್ಟಿ ಕೂತ ಹೆಂಗಸರಿಗೆ ಗುಂಡು ಎಲ್ಲಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ರಾಂಟ್ಜೆನ್ ಎಕ್ಸ್-ಕಿರಣ ಕಂಡದ್ದು 1895ರಲ್ಲಿ, ಮರುವರ್ಷವೇ ವೈದ್ಯರು ಅದರಿಂದ ಗುಂಡು ಹುಡುಕತೊಡಗಿದರು. ಇವತ್ತು ಮುಂಡರಗಿ, ಶಿರಹಟ್ಟಿಯಲ್ಲೂ ಎಕ್ಸ್-ರೇ ಉಂಟು. ಇರುವುದನ್ನು ಪೂರ್ತಿ ಬಳಸದೆ ಬಿಡುವುದು ಆ ಹಿರಿಯರಿಗೆ ಮಾಡುವ ಅನ್ಯಾಯ ಎಂದೇ ನನಗನಿಸುತ್ತದೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಅದಾಗಬೇಕಿತ್ತು. ಅಂಚಿನ ಹೊಲದವರ ಬೆಳೆಯೂ ಉಳಿಯಬೇಕು. ಕತ್ತಲಲ್ಲಿ ಅಲುಗಿದ್ದಕ್ಕೆಲ್ಲ ಗುಂಡು ಹಾರಿಸುವುದರಿಂದ ಎರಡೂ ಉಳಿಯುವುದಿಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯ ಪರಿಹಾರವಿದೆ. ಭಾವನಿಗೆ ಅದರ ಅರ್ಜಿಯ ವಿಷಯ ಹೇಳಿ ಬಂದೆ.

13 ಸೆಪ್ಟೆಂಬರ್, ಶುಕ್ರವಾರ

ಶಿರಹಟ್ಟಿಯ ಹೊರರೋಗಿಗಳನ್ನು ನೋಡಿ ಮುಗಿಸಿ ಬಂದು ಹುಬ್ಬಳ್ಳಿಯ ಸಹಪಾಠಿಗೆ ಫೋನು ಮಾಡಿದೆ. ಅವಳು ರಕ್ತನಾಳಗಳ ಶಸ್ತ್ರವೈದ್ಯೆ. ನಿಜವಾಗಿಯೂ ಗುಂಡು ನಾಳದಲ್ಲಿ ಸಿಕ್ಕರೆ ನಾವು ಇಲ್ಲಿ ಏನು ಮಾಡಬೇಕು, ಏನು ಮಾಡದೆ ಕಳಿಸಬೇಕು ಎಂದು ಕೇಳಿದೆ. ಅವಳ ಮಾತು ಯಾವತ್ತೂ ನೇರ.

ಅಪಧಮನಿಯದಾದರೆ ಕಾಯುವಂತಿಲ್ಲ. ಆಚೆಗಿನ ಮಾಂಸ ರಕ್ತವಿಲ್ಲದೆ ಸುಮಾರು ಆರು ಗಂಟೆ ತಡೆದೀತು. ಹೆಪ್ಪು ಬೆಳೆಯದಂತೆ ಹೆಪಾರಿನ್ ಬೇಕು. ಆದರೆ ಗುಂಡೇಟಿನವನಿಗೆ ಹೊಟ್ಟೆ, ತಲೆಯೊಳಗೆ ರಕ್ತ ಸೋರುತ್ತಿಲ್ಲ ಎಂದು ಖಚಿತವಾಗದೆ ಕೊಡಬಾರದು. ಗುಂಡನ್ನು ನಾಳದೊಳಗೆ ಉದ್ದಕ್ಕೂ ಎಳೆದು ತರಲು ಹೋದರೆ ಒಳಪದರ ಗೀರಿಹೋಗುತ್ತದೆ. ಸಾಮಾನ್ಯವಾಗಿ ಅದು ಕೂತ ಜಾಗದ ಮೇಲೇ ನಾಳ ತೆರೆದು ತೆಗೆಯುತ್ತಾರೆ, ಆಮೇಲೆ ಹಿಂದೆ ಮುಂದೆ ಕಟ್ಟಿದ ಹೆಪ್ಪನ್ನು ಬಲೂನು ನಳಿಕೆಯಿಂದ ಎಳೆಯುತ್ತಾರೆ. ಗುಂಡು ತೆಗೆದ ಖುಷಿಯಲ್ಲಿ ಅದು ಹೊಕ್ಕ ತೂತನ್ನು ಮರೆಯಬಾರದು. ಮಹಾಪಧಮನಿಯಲ್ಲೋ ಹೃದಯದಲ್ಲೋ ಆದ ಆ ಗಾಯವೇ ಆಮೇಲೆ ಒಡೆದು ಜೀವ ತೆಗೆಯುವುದುಂಟು.

ಅಭಿಧಮನಿಯದು ಬೇರೆ ಲೆಕ್ಕ. ಹೃದಯದ ಬಲಭಾಗದಲ್ಲಿ ಸಡಿಲವಾಗಿ ಅಲುಗುತ್ತಿದ್ದರೆ, ತೊಂದರೆ ಕೊಡುತ್ತಿದ್ದರೆ ತೆಗೆಯಬೇಕು. ಈಗ ಎಷ್ಟೋ ಸಲ ಎದೆ ತೆರೆಯದೆ, ತೊಡೆಸಂದಿನ ಅಭಿಧಮನಿಯಿಂದ ತಂತಿಯ ಕುಣಿಕೆ ಕಳಿಸಿ, ಪರದೆಯ ಮೇಲೆ ನೋಡುತ್ತ ಹಿಡಿದು ತರುತ್ತಾರೆ. ಸಣ್ಣದು, ಗೋಡೆಗೆ ಅಂಟಿ ಕೂತಿದೆ, ರೋಗಿಗೆ ಏನೂ ಆಗುತ್ತಿಲ್ಲ ಎಂದಾದರೆ ಕಣ್ಣಿಟ್ಟು ಕಾಯುವುದೂ ಚಿಕಿತ್ಸೆಯೇ. ಕಾಯುವುದೆಂದರೆ ಮರೆಯುವುದಲ್ಲ. ಹೆಪ್ಪು, ಸೋಂಕು, ಕವಾಟಕ್ಕೆ ಪೆಟ್ಟು, ಜಾಗ ಬಿಟ್ಟು ಹೊರಡುವುದು, ಎಲ್ಲಕ್ಕೂ ಸಾಧ್ಯತೆ ಇದ್ದೇ ಇದೆ. ಲೋಹ ಯಾವುದೆಂದು ತಿಳಿಯದೆ ಎಂ.ಆರ್.ಐ. ಯಂತ್ರದೊಳಕ್ಕೆ ಕಳಿಸಬಾರದು. ನಾಡಬಂದೂಕಿಗೆ ಸೈಕಲ್ಲಿನ ಉಕ್ಕಿನ ಗುಂಡು ತುಂಬುವವರೂ ಇದ್ದಾರೆ, ಆಯಸ್ಕಾಂತ ಅದನ್ನು ಎಳೆದೀತು.

ಅವಳು ಒತ್ತಿ ಹೇಳಿದ್ದು ಒಂದೇ. “ಕತ್ತಿ ಹಿಡಿಯೂ ಮೊದಲು ಟೇಬಲ್ ಮ್ಯಾಲೇ ಮತ್ತೊಂದು ಎಕ್ಸ್-ರೇ ತಗೀ. ನಿನ್ನೆ ಕಂಡ ಜಾಗದಾಗ ಇವತ್ತು ಇರತೈತಿ ಅಂತ ನಂಬಬ್ಯಾಡ.” ರೋಗಿಯನ್ನು ಮಗ್ಗುಲಾಗಿಸಿದರೂ ಸಾಕು, ಗುಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿದೀತು.

ಅಮೆರಿಕದ ಶಸ್ತ್ರವೈದ್ಯ ಡ್ವೈಟ್ ಹಾರ್ಕೆನ್ ನೆನಪಾದರು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಹೃದಯದಿಂದಲೂ ಅದರ ಸುತ್ತಲ ದೊಡ್ಡ ನಾಳಗಳಿಂದಲೂ 134 ಗುಂಡು, ಚೂರುಗಳನ್ನು ತೆಗೆದರು. ಒಬ್ಬನೂ ಸಾಯಲಿಲ್ಲ. ಹೃದಯವನ್ನು ಮುಟ್ಟಬಾರದೆಂಬ ಭಯ ಹಿಂಗಿದ ಕಾಲ ಅದು. ಮುಂದೆ ಕವಾಟದ ಶಸ್ತ್ರಕ್ರಿಯೆಗೆ ದಾರಿಯಾದದ್ದೂ ಆ ಧೈರ್ಯವೇ.

16 ಸೆಪ್ಟೆಂಬರ್, ಸೋಮವಾರ, ಈದ್ ಮಿಲಾದ್

ಲಕ್ಷ್ಮೇಶ್ವರದಿಂದ ಹನ್ನೊಂದಕ್ಕೆ ಫೋನು. ರಾತ್ರಿಪಾಳಿ ಮುಗಿಸಿಯೂ ಮನೆಗೆ ಹೋಗದೆ ಉಳಿದಿದ್ದ ಕಿರಿಯ ವೈದ್ಯೆ. “ಮೇಡಂ, ನಲವತ್ತರ ಹೆಂಗಸು. ಬಲಗಾಲು ತಣ್ಣಗೆ, ಬೆಳ್ಳಗೆ. ತೊಡೆಸಂದಿನಲ್ಲೇ ನಾಡಿ ಇಲ್ಲ. ಎಡಗಾಲಿನಲ್ಲಿ ಇದೆ. ಕೈನಾಡಿ ಲೆಕ್ಕಕ್ಕೇ ಸಿಗುತ್ತಿಲ್ಲ, ಏರುಪೇರು.” ನಾನು ಕೇಳಬೇಕಾದ್ದನ್ನೆಲ್ಲ ಅವಳೇ ಹೇಳಿದ್ದಳು. ಹೆಪಾರಿನ್ ಕೊಟ್ಟು ಕಳಿಸು ಎಂದೆ.

ಇದು ಗುಂಡಲ್ಲ, ಹೆಪ್ಪು. ಚಿಕ್ಕಂದಿನ ಗಂಟಲುನೋವು, ಕೀಲುಬಾವು ಹೃದಯದ ಕವಾಟವನ್ನು ಮುದುಡಿಸಿ, ಮೇಲ್ಕೋಣೆ ಹಿಗ್ಗಿ, ಬಡಿತ ತಾಳ ತಪ್ಪಿ, ಅಲ್ಲಿ ನಿಂತ ರಕ್ತ ಹೆಪ್ಪಾಗಿ, ಒಂದು ತುಣುಕು ಕಳಚಿಕೊಂಡು ಕಾಲಿಗೆ ಹೋಗಿದೆ. ಮೂಲ ಎದೆಯಲ್ಲಿ, ನೋವು ಕಾಲಲ್ಲಿ. ನಾನು ಇಷ್ಟು ದಿನ ಓದುತ್ತಿದ್ದದ್ದೂ ಇದನ್ನೇ.

ಬೆಳಿಗ್ಗೆ ಐದೂವರೆಗೆ ಎಮ್ಮೆ ಹಿಂಡುತ್ತ ಕೂತಾಗ ಕಾಲು ಕಿತ್ತಂತೆ ನೋವು. ವಾಯು ಎಂದು ಹರಳೆಣ್ಣೆ ತಿಕ್ಕಿದರು. ಬಿಸಿನೀರಿನ ಶಾಖ ಕೊಟ್ಟರು. ಬೆರಳು ಆಡದಾದಾಗ ಲಕ್ವ ಎಂದು ಯಾರೋ ಅಂದರು, ಔಷಧಿ ಕೊಡುವವರ ಊರಿಗೆ ಹೊರಟಿದ್ದರಂತೆ. ಅವಳ ಸೊಸೆ ಹಟ ಹಿಡಿದು ಆಸ್ಪತ್ರೆಗೆ ತಿರುಗಿಸಿದಳು. ಹಬ್ಬದ ಮೆರವಣಿಗೆಯ ಹುಡುಗರು ಆಂಬುಲೆನ್ಸಿಗೆ ಬಾಜಾರದುದ್ದಕ್ಕೂ ದಾರಿ ಬಿಡಿಸಿಕೊಟ್ಟರಂತೆ. ನಮ್ಮಲ್ಲಿ ಕತ್ತಿ ಇಟ್ಟಾಗ ಒಂದು ಗಂಟೆ.

ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಸೂಜಿ. ಅಪಧಮನಿ ತೆರೆದೆ. ತೆಳು ನಳಿಕೆಯನ್ನು ಹೆಪ್ಪಿನಾಚೆ ನೂಕಿ, ತುದಿಯ ಪುಟ್ಟ ಬಲೂನು ಉಬ್ಬಿಸಿ, ಮೆಲ್ಲಗೆ ಎಳೆದೆ. ಕಡುಗೆಂಪು ಹೆಪ್ಪು ಉದ್ದಕ್ಕೆ ಬಂತು, ಅದರ ಹಿಂದೆಯೇ ರಕ್ತ. ಈ ನಳಿಕೆಯನ್ನು ರೂಪಿಸಿದವರು ಥಾಮಸ್ ಫೋಗಾರ್ಟಿ, 1960ರ ದಶಕದ ಆರಂಭದಲ್ಲಿ. ಮೂತ್ರಕ್ಕೆ ಹಾಕುವ ನಳಿಕೆಯ ತುದಿಗೆ ರಬ್ಬರ್ ಕೈಗವಸಿನ ಬೆರಳಿನ ತುಂಡನ್ನು, ಮೀನಿನ ಗಾಳಕ್ಕೆ ದಾರ ಸುತ್ತುವ ಕೈಚಳಕದಿಂದ ತಾನೇ ಕಟ್ಟಿ ಮಾಡಿದ್ದು. ಅದಕ್ಕೆ ಮುಂಚೆ ಕಾಲಿನುದ್ದಕ್ಕೂ ಕೊಯ್ಯಬೇಕಿತ್ತು. ಎಷ್ಟು ಕಾಲುಗಳು ಅವರ ಋಣದಲ್ಲಿವೆ!

ಮೀನಖಂಡ ಬಿಗಿಯುತ್ತ ಬಂತು. ರಕ್ತ ಮರಳಿದ ಮಾಂಸ ಊದಿ ತನ್ನನ್ನು ತಾನೇ ಹಿಚುಕಿಕೊಳ್ಳುತ್ತದೆ. ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದೆ.

17 ಸೆಪ್ಟೆಂಬರ್, ಮಂಗಳವಾರ

ಪಾದದ ಮೇಲೆ ನಾಡಿ ಇದೆ. ಪಾದ ಬೆಚ್ಚಗಿದೆ. ಹೆಬ್ಬೆರಳಿನಲ್ಲಿ ಸ್ಪರ್ಶ ಮರಳಿಲ್ಲ, ಮರಳದಿರಲೂಬಹುದು. “ಕಾಲ ಉಳೀತಲ್ರಿ ಯವ್ವಾ, ಬೆರಳಿಂದೇನ ಬಿಡ್ರಿ” ಎಂದಳು. ಇನ್ನು ಕವಾಟದ ಚಿಕಿತ್ಸೆ, ರಕ್ತ ತೆಳುವಾಗಿಸುವ ಮಾತ್ರೆ, ಅದರ ಮಟ್ಟ ನೋಡುವ ಪರೀಕ್ಷೆ. ಇದನ್ನೆಲ್ಲ ಸೊಸೆಗೆ ವಿವರಿಸಿದೆ, ಅವಳಿಗೆ ಓದು ಬರಹ ಬರುತ್ತದೆ.

19 ಸೆಪ್ಟೆಂಬರ್, ಗುರುವಾರ

1881ರಲ್ಲಿ ಇದೇ ದಿನ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ತೀರಿಕೊಂಡದ್ದು, ಗುಂಡು ತಗಲಿದ 79 ದಿನಗಳ ಮೇಲೆ. ಗುಂಡು ಬಲಕ್ಕಿದೆ ಎಂದು ವೈದ್ಯರು ನಂಬಿದ್ದರು. ತೊಳೆಯದ ಬೆರಳು, ಸಲಾಕೆಗಳಿಂದ ಅಲ್ಲೇ ಕೆದಕಿದರು. ಟೆಲಿಫೋನಿನ ಗ್ರಹಾಂ ಬೆಲ್ ಲೋಹ ಹುಡುಕುವ ಯಂತ್ರ ತಂದರೂ ಬಲಭಾಗದಲ್ಲೇ ಹುಡುಕಿಸಿದರು, ಹಾಸಿಗೆಯ ಕಬ್ಬಿಣದ ಸ್ಪ್ರಿಂಗು ಬೇರೆ ಅಡ್ಡ ಬಂತು. ಶವ ತೆರೆದಾಗ ಗುಂಡು ಎಡಕ್ಕೆ, ಮೇದೋಜ್ಜೀರಕದ ಹಿಂದೆ, ಯಾರಿಗೂ ಕೇಡು ಮಾಡದೆ ಕೂತಿತ್ತು. ಅಧ್ಯಕ್ಷರ ಜೀವ ತೆಗೆದದ್ದು ಕೆದಕಿದ ದಾರಿಯ ಸೋಂಕು. ಅದು ರಕ್ತದಲ್ಲಿ ತೇಲಿದ ಗುಂಡಲ್ಲ. ಆದರೂ ತರಗತಿಯಲ್ಲಿ ಹೇಳುತ್ತೇನೆ. ನಾವು ನಂಬಿದ ಜಾಗದಲ್ಲಿ ಮಾತ್ರ ಹುಡುಕುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

22 ಸೆಪ್ಟೆಂಬರ್, ರವಿವಾರ
ಲಕ್ಷ್ಮೇಶ್ವರ

ತರಗತಿ ಆಯಿತು. ಶಿರಹಟ್ಟಿ, ಮುಂಡರಗಿಯಿಂದಲೂ ಬಂದಿದ್ದರು. ಮೊದಲ ಅರ್ಧ ಗಂಟೆ ಚಿತ್ರ, ಲೆಕ್ಕ. ಉಳಿದದ್ದೆಲ್ಲ ಕೈಕೆಲಸ. ಒಬ್ಬರ ಕಾಲಿನ ನಾಡಿ ಇನ್ನೊಬ್ಬರು ಹುಡುಕುವುದು. ಪಾದದ ನಾಡಿ ಹಿಡಿಯಲು ಅರ್ಧದಷ್ಟು ಮಂದಿ ತಡಕಾಡಿದರು, ಹೊರಡುವ ಹೊತ್ತಿಗೆ ಎಲ್ಲರ ಬೆರಳೂ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ.

ಮೊನ್ನೆಯ ಕಿರಿಯ ವೈದ್ಯೆಯ ಚೀಟಿಯನ್ನು, ಹೆಸರು ಮುಚ್ಚಿ, ಎಲ್ಲರಿಗೂ ತೋರಿಸಿದೆ. ಮೇಲಿನ ಸಾಲಿನಲ್ಲಿ “ನೋವು ಶುರು: ಬೆಳಿಗ್ಗೆ 5.30”. ಕೆಳಗೆ ಎರಡೂ ಕಾಲಿನ ನಾಲ್ಕು ನಾಲ್ಕು ನಾಡಿ, ಇದೆ ಅಥವಾ ಇಲ್ಲ. ಹೆಪಾರಿನ್ ಕೊಟ್ಟ ಪ್ರಮಾಣ, ಹೊತ್ತು. ಅಷ್ಟೇ. ಆ ಚೀಟಿ ಕೈಗೆ ಬಂದಾಗ ನಾನು ಏನನ್ನೂ ಮತ್ತೆ ಕೇಳಬೇಕಾಗಿರಲಿಲ್ಲ, ನೇರ ಥಿಯೇಟರಿಗೆ ಕರೆದೊಯ್ದೆ.

ಎಲ್ಲರಿಗೂ ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ, ಮುಂದಿನ ತಂಡಕ್ಕೂ ಇದನ್ನೇ ಹೇಳುವವಳಿದ್ದೇನೆ. ಬಂದೂಕಿನ ಗಾಯ ಬಂದರೆ ತೂತು ಎಣಿಸಿ, ಗುಂಡು ಎಣಿಸಿ, ಕೂಡಿಸಿ. ಬೆಸ ಬಂದರೆ ತಲೆಯಿಂದ ಪಾದದವರೆಗೆ ಎಕ್ಸ್-ರೇ ತೆಗೆಸಿ, ಬಟ್ಟೆಯದನ್ನೂ ತೆಗೆಸಿ. ಒಮ್ಮೆಲೇ ತಣ್ಣಗಾದ ಕಾಲನ್ನು ಯಾರೇ ತಂದರೂ ತಿಕ್ಕಬೇಡಿ, ಶಾಖ ಕೊಡಲು ಬಿಡಬೇಡಿ, ಎರಡೂ ಕಾಲಿನ ನಾಡಿ ಮುಟ್ಟಿ, ಕೂಡಲೇ ಫೋನು ಮಾಡಿ. ಕಳಿಸುವ ಚೀಟಿಯಲ್ಲಿ ಬೇರೇನು ಬಿಟ್ಟರೂ ನೋವು ಶುರುವಾದ ಹೊತ್ತನ್ನು ಬರೆಯದೆ ಬಿಡಬೇಡಿ.